ಅಂಗಡಿಯ ಫಲಕ ಮತ್ತು ತೋಟದ ಔಷಧದ ಕೋಣೆ



ಫಲಕವೆಂದರೆ ಅಂಗಡಿಯ ಬಾಯಿ. ಒಳಗೆ ಏನು ಸಿಗುತ್ತದೆಂಬುದನ್ನು ಅದು ದಾರಿಹೋಕನಿಗೆ ಒಂದೇ ನೋಟದಲ್ಲಿ ತಿಳಿಸಬೇಕು. ಇದನ್ನು ಕಲಿಯಲು ರಾಯಚೂರು, ದೇವದುರ್ಗ, ಮಾನ್ವಿಯ ಪೇಟೆಗಳು ಒಳ್ಳೆಯ ಪಾಠಶಾಲೆ. ಆ ಬಯಲುಸೀಮೆಗೂ ಕಾಫಿ, ಅಡಿಕೆ ಬೆಳೆಯುವ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ, ಮುಂದೆ ಹೇಳುತ್ತೇನೆ.

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ, ಉರ್ದು, ತೆಲುಗು ಆಡುವ ಗಿರಾಕಿಗಳು ಅಲ್ಲಿ ಒಂದೇ ಬಜಾರಿಗೆ ಬರುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಆ ಜಿಲ್ಲೆಯದು 59.56. ಎಂದರೆ ಹತ್ತು ಮಂದಿಯಲ್ಲಿ ನಾಲ್ವರಿಗೆ ಓದು ಬಾರದು. ಇಂಥಲ್ಲಿ ಅಕ್ಷರವನ್ನೇ ನೆಚ್ಚಿ ಕುಳಿತ ವ್ಯಾಪಾರಿ ಕೆಟ್ಟ.

ಆದುದರಿಂದ ಚಿತ್ರ ಬೇಕು. ಕತ್ತರಿ ಕಂಡರೆ ದರ್ಜಿ, ಹಲ್ಲು ಕಂಡರೆ ದಂತವೈದ್ಯ, ಬೀಗದ ಕೈ ಕಂಡರೆ ಬೀಗ ರಿಪೇರಿಯವನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಕಡೆ ಬೀಜ, ಗೊಬ್ಬರದ ಅಂಗಡಿಗೆ ಭತ್ತದ ತೆನೆ ಒಪ್ಪುತ್ತದೆ. ಹತ್ತಿ ಬೆಳೆಯುವವನಿಗೆ ಬಿರಿದ ಹತ್ತಿಕಾಯಿಯೇ ಗುರುತು. ಈ ಉಪಾಯ ಹೊಸದೇನಲ್ಲ. ರಾಯಚೂರು ಕೋಟೆಯಲ್ಲಿ 40 ಅಡಿಗೂ ಮಿಕ್ಕಿದ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಕೆತ್ತಿದ್ದಾರೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಬಿಡಿಸಿದ್ದಾರೆ. ಶಾಸನ ಓದಲಾರದವನಿಗೂ ಆ ದುಡಿಮೆ ಅರ್ಥವಾಗುತ್ತದೆ.

ಅಕ್ಷರಕ್ಕೂ ಒಂದು ಧರ್ಮವಿದೆ. ಕಬ್ಬಿಣದ ಅಂಗಡಿಗೆ ದಪ್ಪ ಅಕ್ಷರ, ಚಿನ್ನದ ಅಂಗಡಿಗೆ ಬಳುಕುವ ಹೊಂಬಣ್ಣದ ಅಕ್ಷರ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲಿನ ಕೆಳಗೆ ಜಾಗ ಬಿಡಬೇಕು. ಇಕ್ಕಟ್ಟಾದರೆ ದೂರದಿಂದ ಎಲ್ಲವೂ ಒಂದೇ ಮುದ್ದೆ. ಕುಂಚ ಹಿಡಿದ ಹಳೆಯ ಪೇಂಟರುಗಳಿಗೆ ಇದು ಗೊತ್ತಿತ್ತು. ಈಗಿನ ಫ್ಲೆಕ್ಸ್ ಫಲಕದಲ್ಲಿ ಹೆಸರು, ದೇವರು, ಮೊಬೈಲ್ ನಂಬರು ಎಲ್ಲವನ್ನೂ ತುರುಕಿ, ಮಾರುವ ವಸ್ತುವನ್ನೇ ಮೂಲೆಗೆ ತಳ್ಳುವುದುಂಟು.

ಯಾವ ಗುರುತಾದರೂ ನಡೆದೀತೆಂದು ತಿಳಿಯಬಾರದು. ಔಷಧದ ಅಂಗಡಿಗಳ ಮೇಲೆ ಕಾಣುವ ಬಿಳಿಯ ಮೇಲಿನ ಕೆಂಪು ಶಿಲುಬೆ ರೆಡ್ ಕ್ರಾಸಿನ ಲಾಂಛನ. ಜಿನೀವಾ ಒಪ್ಪಂದಗಳ ಕಾಯಿದೆ, 1960ರಂತೆ ಅದನ್ನು ಅಪ್ಪಣೆಯಿಲ್ಲದೆ ಬಳಸುವಂತಿಲ್ಲ.

ಇನ್ನು ನಮ್ಮ ಸಂಬಂಧ. ಉತ್ತರ ಕರ್ನಾಟಕದ ಇಂಥ ಊರುಗಳಿಂದ ನಮ್ಮ ತೋಟಗಳಿಗೆ ಆಳುಗಳು ಬರುತ್ತಾರೆ. ಅವರಲ್ಲಿ ಓದು ಬಾರದವರೂ ಇದ್ದಾರೆ. ತಮ್ಮೂರ ಪೇಟೆಯಲ್ಲಿ ಚಿತ್ರ ನೋಡಿ ಅಂಗಡಿ ಹುಡುಕುವವರ ಕೈಗೆ ನಾವು ಕೀಟನಾಶಕದ ಡಬ್ಬಿ ಕೊಡುತ್ತೇವೆ. ಆ ಡಬ್ಬಿಯ ಫಲಕವನ್ನು ಅವರಿಗೆ ಓದಿ ಹೇಳಿದ್ದೇವೆಯೇ?

ಕೀಟನಾಶಕ ನಿಯಮಗಳು, 1971ರ ಪ್ರಕಾರ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ಅಳತೆ. ಕೆಂಪು ಅತ್ಯುಗ್ರ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಕೆಂಪಿನ ಮೇಲೆ ತಲೆಬುರುಡೆ, ಎಲುಬುಗಳ ಚಿತ್ರವಿರುತ್ತದೆ. ಹಸಿರೆಂದರೆ ನಿರಪಾಯವೆಂದಲ್ಲ, ಹಳದಿ ನೀಲಿಗಿಂತ ಸೌಮ್ಯವೂ ಅಲ್ಲ. ಈ ಎರಡನ್ನೂ ಬಾಯಲ್ಲೇ ಹೇಳಿಕೊಡಬೇಕು. ಚಿತ್ರ ತಾನಾಗಿ ಹೇಳದು.

ಮುಂಗಾರಿಗೆ ಮೊದಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಸಿದ್ಧತೆಯೊಡನೆ, ಸದಸ್ಯರು ಇಷ್ಟು ಮಾಡಬೇಕೆಂದು ಕೋರಿಕೆ. ಔಷಧದ ಕೋಣೆಯ ಬಾಗಿಲಿಗೆ ತಲೆಬುರುಡೆಯ ಚಿತ್ರವನ್ನು ದೊಡ್ಡದಾಗಿ ಬರೆಸಿರಿ. ಅದರ ಕೆಳಗೆ ‘ವಿಷ’ ಎಂದು ದಪ್ಪಕ್ಷರದಲ್ಲಿ ಇರಲಿ. ಔಷಧವನ್ನು ಕುಡಿಯುವ ನೀರಿನ ಅಥವಾ ಪಾನೀಯದ ಬಾಟಲಿಗೆ ಎಂದೂ ಸುರಿಯಬೇಡಿರಿ. ಬಾಟಲಿಯ ಚಿತ್ರ ಹಣ್ಣಿನ ರಸವೆಂದರೆ ನೋಡಿದವನು ಅದನ್ನೇ ನಂಬುತ್ತಾನೆ. ಅಂಗಡಿಯ ಫಲಕ ತಪ್ಪಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನು. ಈ ಫಲಕ ತಪ್ಪಿದರೆ ಒಂದು ಜೀವ ಹೋದೀತು.