ಕಣ್ಣಿನ ಮಟ್ಟದ ಸೂಚನೆ

ನಮ್ಮ ಅಂಗಡಿಗಳಿಗೆ ಲೈಸೆನ್ಸು, ತೆರಿಗೆಗಳ ಸೂಚನೆಗಳು ಬರುತ್ತಲೇ ಇರುತ್ತವೆ. ಒಮ್ಮೆ ಓದಿದರೆ ತಿಳಿಯುವಂಥವು ಎಷ್ಟು? ಪಂಚಾಯತಿ, ಪುರಸಭೆಗಳಿಗೆ ಇಂಥ ಸೂಚನೆ, ಭಿತ್ತಿಪತ್ರ, ವಿಡಿಯೋ ರೂಪಿಸುವುದು ಇಂದು ಒಂದು ಉದ್ಯೋಗ. ಆ ದಾರಿ ಹಿಡಿಯುವ ನಮ್ಮ ಮಕ್ಕಳಿಗೆ ಪಸ್ತಾಪುರದಲ್ಲೊಂದು ಪಾಠವಿದೆ.

ಜಹೀರಾಬಾದ್ ಬಳಿಯ ಈ ಹಳ್ಳಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ, ಶಾಲೆಯ ಮುಖ ಕಾಣದ ದಲಿತ ರೈತ ಮಹಿಳೆಯರು ವಿಡಿಯೋ ಕ್ಯಾಮೆರಾ ಹಿಡಿದರು. ಮೇಲಿನಿಂದ ಕೆಳಗೆ ನೋಡುವ ಚಿತ್ರಕ್ಕೆ ಅವರಿಟ್ಟ ಹೆಸರು ‘ಪಟೇಲ್ ಶಾಟ್’. ಕೆಳಗಿನಿಂದ ಮೇಲೆ ನೋಡಿದರೆ ಅದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿದ್ದರೆ ‘ಸಂಘಂ ಶಾಟ್’. ಸಂಘದಲ್ಲಿ ಎಲ್ಲರೂ ಸಮಾನರಲ್ಲವೇ! 2008ರಲ್ಲಿ ಸಮೀಪದ ಮಾಚನೂರಿನಿಂದ ಅವರ ‘ಸಂಘಂ ರೇಡಿಯೋ’ ಕೂಡ ಪ್ರಸಾರ ಆರಂಭಿಸಿತು.

ಸರ್ಕಾರಿ ಸೂಚನೆಗಳಲ್ಲಿ ಪಟೇಲ್ ಶಾಟ್‌ಗಳೇ ಹೆಚ್ಚು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಾದರೋ, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಒಪ್ಪುವ ವಿಧಾನವನ್ನೂ ಗಮನಿಸಬೇಕೆನ್ನುತ್ತದೆ. ಆದ್ದರಿಂದ ಕಟ್ಟಬೇಕಾದ ಹಣ, ಕೊನೆಯ ದಿನ, ಹೋಗಬೇಕಾದ ಕಚೇರಿ ಇವು ಮೊದಲು, ದೊಡ್ಡ ಅಕ್ಷರಗಳಲ್ಲಿರಲಿ. ಅಧ್ಯಕ್ಷರ ಭಾವಚಿತ್ರ ಆಮೇಲೆ. ಓದಲು ಬಾರದವರಿಗೆ ಚಿತ್ರವಿರಲಿ, ಧ್ವನಿವರ್ಧಕದ ಮಾತಿರಲಿ.

ಸೂಚನೆ ಅರ್ಥವಾಗದೆ ಗಡುವು ತಪ್ಪಿದರೆ ದಂಡ ತೆರುವವರು ಬರೆದವರಲ್ಲ, ಓದಲಾರದವರು. ಈ ಲೆಕ್ಕ ವ್ಯಾಪಾರಿಗಳಾದ ನಮಗೆ ಬೇಗ ತಿಳಿಯುತ್ತದೆ, ಮಕ್ಕಳಿಗೂ ತಿಳಿಸೋಣ.