ಬಿ.ಕಾಂ. ಆದವರಿಗೆ ಆಪ್ಟೋಮೆಟ್ರಿ ಸಿಗ್ತದಾ?

ಹಬ್ಬದ ಮರುದಿನ ಮನೆಗೆ ಬಂದಿದ್ದ ಅಕ್ಕನ ಮಗಳು ಈ ಪ್ರಶ್ನೆ ಕೇಳಿದಾಗ ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಬಿಡಲಿಲ್ಲ, ಮೊಬೈಲನ್ನು ನನ್ನ ಮುಂದೆ ಹಿಡಿದಳು. "ನೋಡಿ ಮಾಮಾ, ಯಾವ ಡಿಗ್ರಿ ಆದರೂ ಆಗ್ತದೆ ಅಂತ ಇದರಲ್ಲಿ ಉಂಟು."

ಅವಳಿಗೆ 22 ವರ್ಷ. ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಾಳೆ. ಒಂದು ದಿನ ಕನ್ನಡಕ ರಿಪೇರಿಗೆ ಬಂದ ತಾಯಿಯ ಜೊತೆ ಎರಡನೇ ಕ್ಲಾಸಿನ ಹುಡುಗನೊಬ್ಬ ಇದ್ದ. ಸುಮ್ಮನೆ ಆಟಕ್ಕೆ ಒಂದು ಕಣ್ಣು ಮುಚ್ಚಿ ಗೋಡೆಯ ಚಾರ್ಟಿನ ಅಕ್ಷರ ಓದುತ್ತಿದ್ದ. ಇನ್ನೊಂದು ಕಣ್ಣು ಮುಚ್ಚಿದಾಗ ಸುಮ್ಮನಾಗಿಬಿಟ್ಟ. ಪರೀಕ್ಷೆ ಮಾಡುವವರು ಆ ಅಂಗಡಿಗೆ ಬರುವುದು ವಾರಕ್ಕೆ ಎರಡೇ ದಿನ. "ಕಾಯಬೇಡಿ, ಇವತ್ತೇ ಕಣ್ಣಿನ ಆಸ್ಪತ್ರೆಗೆ ಕರಕೊಂಡು ಹೋಗಿ" ಎಂದು ಇವಳೇ ತಾಯಿಗೆ ಹೇಳಿ ಕಳಿಸಿದಳು. ಒಂದು ಕಣ್ಣು ಚೆನ್ನಾಗಿದ್ದುದರಿಂದ ಇನ್ನೊಂದು ಮಂದವಾಗಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಸಣ್ಣ ಪ್ರಾಯದಲ್ಲೇ ಸಿಕ್ಕಿದರೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಇದನ್ನು ಸುಧಾರಿಸಬಹುದು. ತಡವಾದಷ್ಟೂ ಕಷ್ಟ. ಆ ದಿನದಿಂದ ಇವಳಿಗೆ ಬಿಲ್ ಬರೆಯುವುದರಲ್ಲಿ ಮನಸ್ಸಿಲ್ಲ.

ಮೊಬೈಲಿನಲ್ಲಿ ಇದ್ದದ್ದು ಸುಳ್ಳಲ್ಲ, ಆದರೆ ಅದು ಅಮೆರಿಕದ ಕತೆ. ಅಲ್ಲಿ ಆಪ್ಟೋಮೆಟ್ರಿ ಎಂದರೆ ಡಿಗ್ರಿ ಆದ ಮೇಲೆ ಮತ್ತೆ ನಾಲ್ಕು ವರ್ಷ. ಇತಿಹಾಸ ಓದಿದವರೂ ಅರ್ಜಿ ಹಾಕಬಹುದು, ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತದ ಕೋರ್ಸುಗಳನ್ನು ಲ್ಯಾಬ್ ಸಮೇತ ಮುಗಿಸಿರಬೇಕು, ಮೇಲಿಂದ ಪ್ರವೇಶ ಪರೀಕ್ಷೆ ಬೇರೆ. ವಿಜ್ಞಾನದಿಂದ ಅಲ್ಲಿಯೂ ಬಿಡುಗಡೆ ಇಲ್ಲ.

ನಮ್ಮಲ್ಲಿ ಲೆಕ್ಕವೇ ಬೇರೆ. ಇಲ್ಲಿ ಆಪ್ಟೋಮೆಟ್ರಿ ಪಿಯುಸಿ ಆದ ಮೇಲಿನ ನಾಲ್ಕು ವರ್ಷದ ಕೋರ್ಸ್, ಮೂರು ವರ್ಷ ಕ್ಲಾಸು, ಒಂದು ವರ್ಷ ಇಂಟರ್ನ್‌ಶಿಪ್. ಕಾಲೇಜಿನವರು ನಿಮ್ಮ ಬಿ.ಕಾಂ. ನೋಡುವುದಿಲ್ಲ, ಪಿಯುಸಿಯ ಮಾರ್ಕ್ಸ್ ಕಾರ್ಡ್ ನೋಡುತ್ತಾರೆ. ಫಿಸಿಕ್ಸ್, ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಇರಬೇಕು. ಕೆಲವು ಕಡೆ ಬಯಾಲಜಿ ಬದಲು ಗಣಿತ ಇದ್ದರೂ ಆಗುತ್ತದೆ. ನಮ್ಮ ಮನೆಗಳಲ್ಲಿ ಪಿಯುಸಿ ಸೈನ್ಸ್ ಮಾಡಿ, ಮೆಡಿಕಲ್ ಸೀಟು ಸಿಗದೆ ಬಿಬಿಎ, ಬಿ.ಎ.ಗೆ ಹೋದ ಮಕ್ಕಳು ಎಷ್ಟು ಮಂದಿ ಇಲ್ಲ! ಅಂಥವರು ಸೀದಾ ಅರ್ಜಿ ಹಾಕಬಹುದು ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ನಮ್ಮ ಹುಡುಗಿ ಪಿಯುಸಿಯಲ್ಲೂ ಕಾಮರ್ಸ್. ಅವಳಿಗೆ ಉಳಿದ ದಾರಿ ಎನ್‌ಐಒಎಸ್, ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲೆ. ಪ್ರಾಯದ ಮೇಲ್ಮಿತಿ ಇಲ್ಲ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಎಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಪಿಯುಸಿ ಆದವರು ಬೇಕಾದ ವಿಷಯಗಳನ್ನು ಮಾತ್ರ ಆರಿಸಿಕೊಂಡು ಬರೆಯಬಹುದು, ಪ್ರಾಕ್ಟಿಕಲ್ ಮಾತ್ರ ತಪ್ಪುವುದಿಲ್ಲ. ಆದರೆ ಎಡವುವುದು ಇಲ್ಲಿಯೇ. ಹಾಗೆ ಬರೆದರೆ ಸಿಗುವುದು ಬರೀ ಆ ವಿಷಯಗಳ ಅಂಕಪಟ್ಟಿ. ಎರಡು ಬೋರ್ಡಿನ ಎರಡು ಕಾರ್ಡು ಸೇರಿಸಿ ನೋಡಲು ಎಲ್ಲ ವಿಶ್ವವಿದ್ಯಾನಿಲಯಗಳೂ ಒಪ್ಪಬೇಕೆಂದಿಲ್ಲ. ಒಪ್ಪದಿದ್ದರೆ ಭಾಷೆಯೂ ಸೇರಿ ಐದು ವಿಷಯ ಹೊಸದಾಗಿ ಬರೆದು ಪೂರ್ತಿ ಸರ್ಟಿಫಿಕೇಟನ್ನೇ ಪಡೆಯಬೇಕಾಗುತ್ತದೆ. ಆದ್ದರಿಂದ ಫೀಸು ಕಟ್ಟುವ ಮೊದಲೇ ನಿಮಗೆ ಬೇಕಾದ ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇ-ಮೇಲ್ ಮಾಡಿ, ಉತ್ತರ ಬರಹದಲ್ಲಿ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ "ಆಗ್ತದೆ, ಬನ್ನಿ" ಎಂದವರು ಅಡ್ಮಿಷನ್ ದಿನ ಕೌಂಟರಿನಲ್ಲಿ ಇರುವುದಿಲ್ಲ ಮಾರಾಯ್ರೆ. ಇನ್ನೊಂದು, ಎನ್‌ಐಒಎಸ್‌ನಲ್ಲಿ 33 ಅಂಕಕ್ಕೆ ಪಾಸು. ಕಾಲೇಜುಗಳು ಕೇಳುವುದು ಅದಕ್ಕಿಂತ ಹೆಚ್ಚು.

ನಾವು ವಿಚಾರಿಸುತ್ತಾ ಹೋದಾಗ ಒಂದು ಕಡೆ ಆರೇ ತಿಂಗಳಲ್ಲಿ "ಆಪ್ಟೋಮೆಟ್ರಿ ಡಿಪ್ಲೊಮಾ" ಕೊಡುತ್ತೇವೆ, ಕಾಮರ್ಸ್ ಆದರೂ ಪರವಾಗಿಲ್ಲ ಎಂದರು. ಅಕ್ಕನಿಗೆ ಆಸೆಯಾಯಿತು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಆಪ್ಟೋಮೆಟ್ರಿಯೂ ಸೇರಿದೆ. ಪ್ರೊಫೆಷನಲ್ ಎಂದು ಹೆಸರು ನೋಂದಾಯಿಸಲು ಕನಿಷ್ಠ 3,600 ಗಂಟೆಯ ಪದವಿ ಓದು ಬೇಕೆಂದು ಅದು ಹೇಳುತ್ತದೆ. ಆರು ತಿಂಗಳಿನಲ್ಲಿ ಅಷ್ಟು ಗಂಟೆ ಎಲ್ಲಿಂದ ಬರಬೇಕು? ಮುಂದೆ ಗಲ್ಫಿಗೆ ಹೋಗುವುದಾದರೂ ಅಲ್ಲಿ ಲೈಸೆನ್ಸ್ ಕೊಡುವ ಮೊದಲು ಸರ್ಟಿಫಿಕೇಟು ಅಸಲಿಯೇ ಎಂದು ಕೊಟ್ಟ ಸಂಸ್ಥೆಯನ್ನೇ ಕೇಳುತ್ತಾರೆ.

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದು ವರ್ಷ, ಮತ್ತೆ ನಾಲ್ಕು ವರ್ಷ. ಮುಗಿಯುವಾಗ 27. "ಅಷ್ಟರವರೆಗೆ ಮದುವೆ?" ಇದು ಸಣ್ಣ ಪ್ರಶ್ನೆ ಅಲ್ಲ, ನಾನು ನಗಲೂ ಇಲ್ಲ. ಆದರೆ 27ರವರೆಗೆ ಗಲ್ಫ್‌ನಲ್ಲಿ ಎರಡು ಕೆಲಸ ಬದಲಿಸಿ ಬಂದ ಹುಡುಗನಿಗೆ ತಡವಾಯಿತು ಎಂದು ನಮ್ಮಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಖರ್ಚಿನ ಮಾತನ್ನು ಹುಡುಗಿಯೇ ತೆಗೆದಳು. ಈ ಒಂದು ವರ್ಷ ಅಂಗಡಿ ಬಿಡುವುದಿಲ್ಲ, ಸಂಬಳ ಕೂಡಿಡುತ್ತೇನೆ ಎಂದಳು. ನಾನೂ ಒಂದು ಮಾತು ಸೇರಿಸಿದೆ: ಓದು ಸಾಗದಿದ್ದರೆ ನಾಚಿಕೆ ಬೇಡ, ಬಿ.ಕಾಂ. ಹಿಡಿದುಕೊಂಡು ಕನ್ನಡಕದ ಅಂಗಡಿ ನಡೆಸುವುದೂ ಮರ್ಯಾದೆಯ ದುಡಿಮೆಯೇ. ಅವಳು ಉತ್ತರ ಕೊಡಲಿಲ್ಲ.

ಕಾಲೇಜಿನ ಇ-ಮೇಲ್ ಬಂದ ಮೇಲೆ ಅರ್ಜಿ ಹಾಕಿದ್ದಾಯಿತು. ಫಿಸಿಕ್ಸ್ ಪುಸ್ತಕದಲ್ಲಿ ಮೊದಲು ಮುಗಿಸಿದ್ದು ಲೆನ್ಸಿನ ಪಾಠ. ಎರಡು ಪವರ್ ಎಂದರೆ ಅರ್ಧ ಮೀಟರಿನ ನಾಭಿದೂರ ಎಂಬುದು ಅಂಗಡಿಯಲ್ಲಿ ಕೂತವಳಿಗೆ ಕೂಡಲೇ ತಲೆಗೆ ಹೋಯಿತು. ಕೆಮಿಸ್ಟ್ರಿ ಮಾತ್ರ ಹೋಗುವುದಿಲ್ಲ. ಈಗ ಪಕ್ಕದ ಮನೆಯ ಬಿ.ಎಸ್ಸಿ. ಹುಡುಗಿ ರಾತ್ರಿ ಊಟ ಆದ ಮೇಲೆ ಬಂದು ಮೋಲ್ ಲೆಕ್ಕ ಹೇಳಿಕೊಡುತ್ತಾಳೆ. ಬದಲಿಗೆ ಇವಳು ಆ ಹುಡುಗಿಯ ತಮ್ಮನಿಗೆ ಅಕೌಂಟೆನ್ಸಿ ಕಲಿಸಬೇಕೆಂದು ಒಪ್ಪಂದ.