ಸಾರ್ವಜನಿಕ ಆರೋಗ್ಯ ಕೇಂದ್ರಗಳಲ್ಲಿ ಇಂಟರ್ನ್‌ಗಳ ನಿಯೋಜನೆ

ಸಾರ್ವಜನಿಕ ಆರೋಗ್ಯ ಕೇಂದ್ರಗಳಲ್ಲಿ ಇಂಟರ್ನ್‌ಗಳ ನಿಯೋಜನೆ ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಶಿಕ್ಷಣ ಪಡೆದವರನ್ನು ನಿಗದಿತ ಅವಧಿಗೆ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ಜಿಲ್ಲಾ ಆರೋಗ್ಯ ಕಚೇರಿಗೆ ಕಳುಹಿಸಿ, ಅಲ್ಲಿನ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಸುವ ವ್ಯವಸ್ಥೆ. ಆಸ್ಪತ್ರೆಯಲ್ಲಿ ರೋಗಿಯೊಬ್ಬನ ಚಿಕಿತ್ಸೆಯನ್ನು ಕಲಿತವರಿಗೆ ಒಂದು ಊರಿನ ಆರೋಗ್ಯದ ಹೊಣೆಯನ್ನು ಪರಿಚಯಿಸುವುದು ಇದರ ಉದ್ದೇಶ.

ಇತಿಹಾಸ

1930ರ ದಶಕದಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ (ಇಂದಿನ ರಾಮನಗರ) ಗ್ರಾಮೀಣ ಆರೋಗ್ಯ ಕಾರ್ಯಕರ್ತರ ತರಬೇತಿಗೆ ಅವಕಾಶ ಕಲ್ಪಿಸಿತು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯು 1946ರ ವರದಿಯಲ್ಲಿ ವೈದ್ಯರಿಗೆ ರೋಗ ಪ್ರತಿಬಂಧಕ ಹಾಗೂ ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿಯನ್ನು ಶಿಫಾರಸು ಮಾಡಿತು. 1977ರಲ್ಲಿ ಕೇಂದ್ರ ಸರ್ಕಾರವು ವೈದ್ಯಕೀಯ ಕಾಲೇಜುಗಳನ್ನು ಗ್ರಾಮೀಣ ಆರೋಗ್ಯ ಕೇಂದ್ರಗಳೊಡನೆ ಜೋಡಿಸುವ ಯೋಜನೆಯನ್ನು ಆರಂಭಿಸಿತು.

ಈಗಿನ ಸ್ವರೂಪ

ಎಂ.ಬಿ.ಬಿ.ಎಸ್. ಪದವಿಯ ಬಳಿಕ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಇದರಲ್ಲಿ 12 ವಾರಗಳು ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಸ್ನಾತಕೋತ್ತರ ವೈದ್ಯರು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲಿ ಬಂದಿತು. ಸಾಂಕ್ರಾಮಿಕ ರೋಗಗಳ ತನಿಖೆಯನ್ನು ಕಲಿಯುವ ಅಧಿಕಾರಿಗಳಿಗಾಗಿ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2012ರಿಂದ ಎರಡು ವರ್ಷಗಳ ತರಬೇತಿಯನ್ನು ನಡೆಸುತ್ತಿದೆ.

ಉಡುಪಿ ಜಿಲ್ಲೆಯಲ್ಲಿ

1953ರಲ್ಲಿ ಟಿ.ಎಂ.ಎ. ಪೈ ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮಲ್ಪೆ ಮೊದಲಾದ ಊರುಗಳಲ್ಲಿ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ನಡೆಸಿಕೊಂಡು ಬಂದಿದ್ದು, ಇವು ಅಲ್ಲಿಯ ವಿದ್ಯಾರ್ಥಿಗಳಿಗೆ ಕಲಿಕೆಯ ತಾಣಗಳೂ ಆಗಿವೆ. ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮಕ್ಕೆ ಹತ್ತಿರದ ದೊಡ್ಡ ಸರ್ಕಾರಿ ಚಿಕಿತ್ಸಾಲಯ ಕೋಟದ ಸಮುದಾಯ ಆರೋಗ್ಯ ಕೇಂದ್ರ.

ಈ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ತರಬೇತಿಗೆ ಒಳ್ಳೆಯ ನಿದರ್ಶನ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ಸೂಕ್ಷ್ಮಾಣುಗಳು ಕಾಲಿನ ಗಾಯದ ಮೂಲಕ ದೇಹವನ್ನು ಸೇರುವುದರಿಂದ ಭತ್ತದ ನಾಟಿ ಮಾಡುವವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಆಸ್ಪತ್ರೆಯಲ್ಲಿ ಜ್ವರಕ್ಕೆ ಔಷಧ ಕೊಟ್ಟರೆ ಆ ರೋಗಿಯ ಮಟ್ಟಿಗೆ ಕೆಲಸ ಮುಗಿಯುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೆಲಸ ಅಲ್ಲಿಂದಲೇ ತೊಡಗುತ್ತದೆ: ರೋಗಿ ಯಾವ ಗದ್ದೆಗೆ ಇಳಿದಿದ್ದ, ಜೊತೆಯಲ್ಲಿ ನಾಟಿ ಮಾಡಿದವರಿಗೆ ಜ್ವರವಿದೆಯೇ, ಕಾಲಿಗೆ ಗಾಯವಾದವರು ಯಾರು ಎಂದು ಮನೆಮನೆಗೆ ಹೋಗಿ ವಿಚಾರಿಸಿ, ವೈದ್ಯಾಧಿಕಾರಿಗೆ ವರದಿ ಮಾಡಬೇಕು. ಈ ವಿಚಾರಣೆಯಲ್ಲಿ ಊರಿನ ಆಶಾ ಕಾರ್ಯಕರ್ತೆಯೇ ಇಂಟರ್ನ್‌ಗೆ ಮಾರ್ಗದರ್ಶಿ. ಹೊರರಾಜ್ಯಗಳಿಂದ ಬಂದವರಿಗೆ ಕುಂದಗನ್ನಡದ ಮಾತು ತಿಳಿಯಲು ಆಕೆಯ ನೆರವು ಬೇಕು.

ಕೇಂದ್ರದ ಹೊಣೆ

ಇಂಟರ್ನ್ ತಾತ್ಕಾಲಿಕ ನೋಂದಣಿ ಹೊಂದಿದ ವೈದ್ಯ. ವೈದ್ಯಕೀಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ ಮತ್ತು ಕಾನೂನು ಸಂಬಂಧಿ ದಾಖಲೆಗಳಿಗೆ ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರ ಅವನಿಗಿಲ್ಲ. ಹಾಗಾಗಿ ಮೇಲ್ವಿಚಾರಣೆಯ ಹೊರೆ ವೈದ್ಯಾಧಿಕಾರಿಯ ಮೇಲೆ ಬೀಳುತ್ತದೆ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಮಾನದಂಡ. ವೈದ್ಯರೊಬ್ಬರೇ ಇರುವ ಕೇಂದ್ರದಲ್ಲಿ ಹೊರರೋಗಿ ವಿಭಾಗ, ಲಸಿಕಾ ಕಾರ್ಯಕ್ರಮ, ಸಭೆಗಳ ನಡುವೆ ಕಲಿಸುವುದಕ್ಕೂ ಸಮಯ ಹೊಂದಿಸಬೇಕಾಗುತ್ತದೆ. ವಸತಿ, ಓಡಾಟದ ಸೌಕರ್ಯ, ಮೊದಲ ವಾರದ ಪರಿಚಯ ಮತ್ತು ಅವಧಿಯೊಳಗೆ ಮುಗಿಯುವ ನಿರ್ದಿಷ್ಟ ಕೆಲಸ ಇವು ಮುಂಚಿತವಾಗಿ ನಿಶ್ಚಯವಾಗಿದ್ದರೆ ನಿಯೋಜನೆ ಫಲಕಾರಿ.

ಸಮಸ್ಯೆಗಳು

ಸಿಬ್ಬಂದಿ ಕೊರತೆಯಿರುವಲ್ಲಿ ಇಂಟರ್ನ್‌ನನ್ನು ಚೀಟಿ ಬರೆಯಲು, ದಾಖಲೆ ತುಂಬಲು ಮಾತ್ರ ಬಳಸಿಕೊಳ್ಳುವುದುಂಟು. ಆಗ ಕೇಂದ್ರಕ್ಕೆ ಒಂದು ಕೈ ಸಿಕ್ಕರೂ ಕಲಿಕೆ ನಡೆಯುವುದಿಲ್ಲ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಸಿದ್ಧತೆಯಲ್ಲಿ ತೊಡಗಿದ ಇಂಟರ್ನ್‌ಗಳು ಗ್ರಾಮದ ಕೆಲಸವನ್ನು ಹಾಜರಿಗಷ್ಟೇ ಸೀಮಿತಗೊಳಿಸುವುದು ಇನ್ನೊಂದು ಕೊರತೆ. ಮೂರನೆಯದು ಊರಿನವರಿಗೆ ಸಂಬಂಧಿಸಿದ್ದು. ಪ್ರತಿ ತಂಡವೂ ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿ, ಫಲಿತಾಂಶವನ್ನು ಹೇಳದೆ ಮರಳಿದರೆ ಜನ ಉತ್ತರಿಸಲು ಬೇಸರಿಸುತ್ತಾರೆ. ಹಿಂದಿನ ತಂಡದ ದಾಖಲೆಯನ್ನು ಮುಂದಿನ ತಂಡಕ್ಕೆ ಒಪ್ಪಿಸುವುದು, ಸಮೀಕ್ಷೆಯಲ್ಲಿ ಕಂಡುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು ಇದಕ್ಕೆ ಪರಿಹಾರ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕಾಲೇಜು ಮತ್ತು ಆರೋಗ್ಯ ಕೇಂದ್ರಗಳ ನಡುವೆ ಹೊಣೆ ಸ್ಪಷ್ಟವಾಗಿರಬೇಕು.